ಡಯಲ್ಲೋ, ಸೂಜಿಯೋ, ಬಾಬಿನ್ ಸ್ಕ್ರೂನೋ?

ಹೊಲಿಗೆ ಮಷಿನ್ನಿನಲ್ಲಿ ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲು ಇಳಿಸಿ, ಬಟ್ಟೆಯನ್ನು ಕೈಯಲ್ಲೇ ತಿರುಗಿಸುತ್ತ ಕೌದಿಯ ಮೇಲೆ ಸುರುಳಿ, ಬಳ್ಳಿ ಹೊಲಿಯುತ್ತೇವಲ್ಲ, ದಾರ ಹಟ ಹಿಡಿಯುವುದು ಆಗಲೇ ಜಾಸ್ತಿ. ಒಮ್ಮೆ ಮೇಲ್ಗಡೆ ಕೆಳದಾರದ ಚುಕ್ಕಿ, ಇನ್ನೊಮ್ಮೆ ಹಿಂದೆ ಮೇಲ್ದಾರದ ಕುಣಿಕೆ. ಶಿರಸಿಯಲ್ಲಿ ಹೊಲಿಗೆ ಗೊತ್ತಿರುವವರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮದ್ದು: ಮೇಲ್ದಾರದ ಬಿಗಿ (ಟೆನ್ಷನ್) ಹೊಂದಿಸುವ ಡಯಲ್ ತಿರುಗಿಸು, ಸೂಜಿ ಬದಲಿಸು, ಕೆಳದಾರದ ಬಾಬಿನ್ ಕೂರುವ ಕೇಸಿನ ಸ್ಕ್ರೂ ಸಡಿಲ ಮಾಡು. ಮೂರನ್ನೂ ಒಂದೇ ತರದ ಬಟ್ಟೆಯ ಮೇಲೆ ಮಾಡಿ ನೋಡಿದೆ. ಹಳೆ ಕಾಟನ್ ಸೀರೆಯ ನಾಲ್ಕು ಪದರ, ಮೇಲೆ ಕಪ್ಪು ದಾರ, ಬಾಬಿನ್ನಿಗೆ ಬಿಳಿ. ಬಣ್ಣ ಬೇರೆ ಇದ್ದರೆ ಯಾವ ದಾರ ಎಲ್ಲಿ ಇಣುಕುತ್ತಿದೆ ಅಂತ ತಕ್ಷಣ ಕಾಣುತ್ತದೆ.

ಮೊದಲು ಡಯಲ್. ಐದರಿಂದ ಮೂರಕ್ಕೆ ಇಳಿಸಿದ ಮೇಲೆ ಮೇಲಿನ ಬಿಳಿ ಚುಕ್ಕಿ ಬಹುತೇಕ ಹೋಯಿತು. ಇನ್ನೂ ಇಳಿಸಿದರೆ ಹಿಂದೆ ಕುಣಿಕೆ ಏಳುತ್ತದೆ. ಹಿಂದೆ ದಾರದ ಗೊಂಚಲೇ ಬಿದ್ದರೆ ಮಾತ್ರ ಡಯಲ್ ಮುಟ್ಟಬೇಡಿ. ಅದು ಸಾಮಾನ್ಯವಾಗಿ ದಾರ ಪೋಣಿಸಿದ್ದರ ತಪ್ಪು. ಬಟ್ಟೆಯನ್ನು ಒತ್ತಿ ಹಿಡಿಯುವ ಫುಟ್ ಇಳಿಸಿಕೊಂಡು ಪೋಣಿಸಿದರೆ ಮೇಲ್ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಮುಚ್ಚಿರುತ್ತವೆ, ದಾರ ಅವುಗಳ ನಡುವೆ ಕೂರುವುದೇ ಇಲ್ಲ. ಫುಟ್ ಎತ್ತಿ ಪೋಣಿಸಬೇಕು.

ನನಗೆ ಜಾಸ್ತಿ ಫಲ ಕೊಟ್ಟದ್ದು ಸೂಜಿ. 11 ನಂಬರಿನ ಸೂಜಿ ತೆಗೆದು ಅದಕ್ಕಿಂತ ದಪ್ಪದ 16 ಹಾಕಿದ ಮೇಲೆ ದಾರ ತುಂಡಾಗುವುದು ನಿಂತಿತು, ಡಯಲ್ ಸರಿ ಮಾಡಿದ ಮೇಲೂ ಉಳಿದಿದ್ದ ಚುಕ್ಕಿಗಳೂ ಒಳಗೆ ಹೋದವು. ದಪ್ಪ ಸೂಜಿ ಬಟ್ಟೆಯಲ್ಲಿ ಮಾಡುವ ತೂತು ದೊಡ್ಡದು, ಹಾಗಾಗಿ ಎರಡು ದಾರ ಸೇರುವ ಗಂಟು ಒಳಗೆ ಸುಲಭವಾಗಿ ಇಳಿಯುತ್ತದೆ. ಸೂಜಿಯ ಕಣ್ಣೂ ದೊಡ್ಡದು, ದಾರ ಉಜ್ಜುವುದು ಕಡಿಮೆ. ಕೌದಿಗೆ ಇದು ಮುಖ್ಯ. ಹತ್ತಿ ಹಾಸಿದ ರಜಾಯಿಯಲ್ಲಿ ಗಂಟು ಹತ್ತಿಯೊಳಗೆ ಅಡಗುತ್ತದೆ, ತೆಳು ಸೀರೆಗಳ ನಡುವೆ ಅಡಗಲು ಜಾಗ ಎಲ್ಲಿ? ಆದರೆ ತೀರಾ ನಯವಾದ ಬಟ್ಟೆಯಲ್ಲಿ 16ರ ತೂತು ಕಾಣುತ್ತದೆ, ಅಲ್ಲಿ 14 ಸಾಕು. ನಮ್ಮ ಮಳೆಗಾಲದಲ್ಲಿ ಮಷಿನ್ನಿನಲ್ಲೇ ಬಿಟ್ಟ ಸೂಜಿಗೆ ತುಕ್ಕು ಹಿಡಿಯುತ್ತದೆ. ಅಂಥದ್ದು ದಾರವನ್ನು ಕೆರೆಯುತ್ತದೆ, ಬಿಸಾಡಿ.

(ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಕೈಯಲ್ಲಿ ಹೊಲಿಯುವ ಕೌದಿಗೆ ಈ ತಲೆನೋವೇ ಇಲ್ಲ. ಅಲ್ಲಿ ಕೆಳದಾರವೇ ಇಲ್ಲವಲ್ಲ!)

ತಿರುವುಗಳಲ್ಲಿ ಹಿಂದೆ ಕಣ್ಣ ರೆಪ್ಪೆಯ ಹಾಗೆ ದಾರ ಎಳೆದುಕೊಳ್ಳುವುದು ಮಾತ್ರ ಡಯಲ್ಲಿಗೂ ಬಗ್ಗಲಿಲ್ಲ, ಸೂಜಿಗೂ ಬಗ್ಗಲಿಲ್ಲ. ಅದು ಕೈಯ ಕೆಲಸ. ತಿರುವು ಬಂದ ಕೂಡಲೇ ಬಟ್ಟೆಯನ್ನು ಸರಕ್ಕನೆ ಎಳೆಯುತ್ತೇವೆ, ಸೂಜಿ ಹಿಂದೆ ಬೀಳುತ್ತದೆ. ಮಷಿನ್ ಅದೇ ವೇಗದಲ್ಲಿ ಓಡಲಿ, ಕೈ ನಿಧಾನವಾಗಲಿ. ರೆಪ್ಪೆ ತಾನೇ ಹೋಗುತ್ತದೆ.

ಬಾಬಿನ್ ಸ್ಕ್ರೂ ನನಗೆ ಕೊನೆಯ ದಾರಿ. ಕೇಸನ್ನು ದಾರದಲ್ಲಿ ನೇತುಹಾಕಿ ಮೆಲ್ಲಗೆ ಜಗ್ಗಬೇಕು. ಒಂದೆರಡು ಇಂಚು ಇಳಿದು ನಿಂತರೆ ಸರಿ. ಸರ್ರನೆ ಜಾರಿದರೆ ಸಡಿಲ, ಅಲ್ಲಾಡದಿದ್ದರೆ ಬಿಗಿ. ಬಲಕ್ಕೆ ಬಿಗಿ, ಎಡಕ್ಕೆ ಸಡಿಲ, ಅದೂ ಕೂದಲೆಳೆಯಷ್ಟೇ. ಮೊದಲು ಸ್ಕ್ರೂ ಇದ್ದ ಜಾಗವನ್ನು ಪೆನ್ನಲ್ಲಿ ಗುರುತು ಮಾಡಿಕೊಳ್ಳಿ. ಮೇಲೂ ಕೆಳಗೂ ಒಂದೇ ತರದ ದಾರ ಇದ್ದಾಗ ಇದರ ಅಗತ್ಯವೇ ಬೀಳಲಿಲ್ಲ. ಬಾಬಿನ್ನಿಗೆ ದಪ್ಪ ಎಂಬ್ರಾಯ್ಡರಿ ದಾರ ಸುತ್ತಿದಾಗ ಮಾತ್ರ ಸಡಿಲ ಮಾಡಬೇಕಾಯಿತು. ಅದಕ್ಕೇ ಇನ್ನೊಂದು ಕೇಸ್ ತಂದು ಬೇರೆ ಇಟ್ಟಿದ್ದೇನೆ.