ಎಂಬಿಆರ್ ಪ್ಲಾಂಟ್ ಹಾಕಿಸುವ ಮುಂಚೆ ಅದರ ಜರಡಿ ನೋಡಿ

ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ನಾನು ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಆಪರೇಟರ್. 240 ಮನೆ, ದಿನಕ್ಕೆ ಒಂದೂವರೆ ಲಕ್ಷ ಲೀಟರ್ ಕೊಳಚೆ ನೀರು, ಅದಕ್ಕೊಂದು ಎಂಬಿಆರ್ ಪ್ಲಾಂಟ್, ಅಂದರೆ ಬ್ಯಾಕ್ಟೀರಿಯಾ ಕೊಳಕನ್ನು ತಿಂದ ಮೇಲೆ ನೀರನ್ನು ಮೆಂಬ್ರೇನ್ ಎಂಬ ಸೂಕ್ಷ್ಮ ರಂಧ್ರದ ಪೊರೆಯಲ್ಲಿ ಸೋಸುವ ಘಟಕ. ಐದು ವರ್ಷದಿಂದ ಇದನ್ನೇ ನಡೆಸುತ್ತಿದ್ದೇನೆ. ಅದಕ್ಕೂ ಮುಂಚೆ ಬೇರೆ ಕಡೆ ಮೂರು ವರ್ಷ ಹಳೇ ಥರದ ಪ್ಲಾಂಟ್ ನೋಡಿಕೊಂಡಿದ್ದೆ. ಈಚೆಗೆ ಅಕ್ಕಪಕ್ಕದ ಕಮಿಟಿಯವರು ಬಂದು, "ನಾವೂ ಎಂಬಿಆರ್ ಹಾಕಿಸಬಹುದಾ?" ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ನೀರು ನಿಜಕ್ಕೂ ಚೆನ್ನಾಗಿ ಬರುತ್ತದೆ. ನಮ್ಮಲ್ಲಿರುವ ಮೆಂಬ್ರೇನ್ ಅಂದರೆ ಶ್ಯಾವಿಗೆ ಎಳೆಯಂಥ ಟೊಳ್ಳು ನಾರುಗಳ ಕಟ್ಟು. ಅದನ್ನು ಟ್ಯಾಂಕಿನೊಳಗೆ ಮುಳುಗಿಸಿ ನಿಲ್ಲಿಸಿದ್ದಾರೆ. ನಾರಿನ ಮೈಯಲ್ಲಿರುವ ರಂಧ್ರ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದು. ಸಕ್ಷನ್ ಪಂಪ್ ಒಳಗಿನಿಂದ ಎಳೆದಾಗ ನೀರು ಮಾತ್ರ ಬರುತ್ತದೆ, ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ಹೊರಗೇ ಉಳಿಯುತ್ತದೆ. ಹಳೇ ಪ್ಲಾಂಟಿನಲ್ಲಿ ಸ್ಲಡ್ಜ್ ತಳಕ್ಕೆ ಕೂರದೆ ತೇಲಿದ ದಿನ ಫ್ಲಶ್ ನೀರೆಲ್ಲ ಕಂದು ಬಣ್ಣ. ಇಲ್ಲಿ ಐದು ವರ್ಷದಲ್ಲಿ ಒಂದು ದಿನವೂ ಹಾಗಾಗಿಲ್ಲ. ಲ್ಯಾಬ್ ರಿಪೋರ್ಟಿನಲ್ಲಿ ಬಿಒಡಿ (ನೀರಲ್ಲಿ ಉಳಿದ ಕೊಳೆಯುವ ಕೊಳಕಿನ ಅಳತೆ) ಲೀಟರಿಗೆ 10 ಮಿಲಿಗ್ರಾಂ ದಾಟಿಲ್ಲ.

2024ರ ಮಾರ್ಚ್ ನೆನಪಿದೆಯಲ್ವಾ? ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಟ್ಯಾಂಕರಿಗೆ ಫೋನ್ ಮಾಡಿ ಮಾಡಿ ಜನ ಸಾಕಾಗಿದ್ದರು. ನಮ್ಮಲ್ಲಿ ಆ ತಿಂಗಳು ಫ್ಲಶ್, ತೋಟ, ಬೇಸ್‌ಮೆಂಟ್ ತೊಳೆಯೋದು ಎಲ್ಲಾ ಈ ನೀರಲ್ಲೇ ನಡೆಯಿತು. ಮೂರನೇ ಮಹಡಿಯ ಅಜ್ಜಿಯೊಬ್ಬರು ಕೆಳಗೆ ಬಂದು, "ನೀನು ಇಲ್ಲೇನು ಮಾಡ್ತೀಯಪ್ಪಾ, ಒಂದ್ಸಲ ತೋರಿಸು" ಅಂದರು. ಬಾಟಲಿಯಲ್ಲಿ ಹಿಡಿದು ತೋರಿಸಿದೆ. ಸ್ವಲ್ಪ ಹಳದಿ ಛಾಯೆ ಬಿಟ್ಟರೆ ತಿಳಿ ನೀರು. ಕುಡಿಯೋಕೆ ಅಲ್ಲ ಅಂತಲೂ ಹೇಳಿದೆ. ಕ್ಲೋರಿನ್ ಹಾಕಿದರೂ ಇದು ಕುಡಿಯುವ ನೀರಲ್ಲ. ಇನ್ನೊಂದು ವಿಷಯ, ನೀರಲ್ಲಿ ಕರಗಿದ ಉಪ್ಪನ್ನು ಈ ಮೆಂಬ್ರೇನ್ ತೆಗೆಯೋದಿಲ್ಲ. ನೀರಿನ ಗಡಸು ತೆಗೆಯುವ ಸಾಫ್ಟನರ್ ತೊಳೆದ ಉಪ್ಪುನೀರನ್ನೂ ಎಸ್‌ಟಿಪಿಗೇ ಬಿಟ್ಟರೆ ತೋಟದ ಎಲೆಯ ತುದಿ ಸುಡುತ್ತದೆ. ನಾವು ಅದನ್ನು ಬೇರೆ ಮಾಡಿಸಿದೆವು.

ಈಗ ನಾವು ಪೆಟ್ಟು ತಿಂದ ಕಥೆ. ಪ್ಲಾಂಟ್ ಕೂರಿಸಿದ ಕಂಪನಿಯವರು ಮುಂದಿನ ಚೇಂಬರಿನಲ್ಲಿ ಬರೀ ಬಾರ್ ಸ್ಕ್ರೀನ್ (ಕಂಬಿ ಜರಡಿ) ಹಾಕಿದ್ದರು. ಕಂಬಿಗಳ ನಡುವೆ ಒಂದು ಬೆರಳು ತೂರುವಷ್ಟು ಜಾಗ. ಪ್ಲಾಸ್ಟಿಕ್ ನಿಲ್ಲುತ್ತಿತ್ತು, ಕೂದಲು ನಿಲ್ಲುತ್ತಿರಲಿಲ್ಲ. 240 ಮನೆಯ ಬಚ್ಚಲಿನ ಕೂದಲು ಎಷ್ಟಿರುತ್ತೆ ಯೋಚಿಸಿ. ಒಂದು ವರ್ಷ ಕಳೆದ ಮೇಲೆ ಚೈನ್ ಪುಲ್ಲಿಯಿಂದ ಮಾಡ್ಯೂಲ್ (ಮೆಂಬ್ರೇನ್ ನಾರಿನ ಕಟ್ಟು) ಮೇಲಕ್ಕೆತ್ತಿದೆವು. ನಾರುಗಳ ಬುಡದಲ್ಲಿ ಕೂದಲು, ದಾರ, ವೆಟ್ ವೈಪ್ಸಿನ ಎಳೆ ಎಲ್ಲಾ ಸೇರಿ ಹಗ್ಗದ ಹಾಗೆ ಹೊಸೆದುಕೊಂಡಿತ್ತು. ಅದರ ಮೇಲೆ ಒಣಗಿದ ಸಗಣಿಯಂತೆ ಸ್ಲಡ್ಜ್ ಗಟ್ಟಿಯಾಗಿತ್ತು. ಎಳೆದರೆ ನಾರೇ ಕಿತ್ತು ಬರುತ್ತದೆ. ಕತ್ತರಿ ಹಿಡಿದು ಎರಡು ದಿನ ಕೂತು ಒಂದೊಂದೇ ಎಳೆ ಬಿಡಿಸಿದೆವು, ಆದರೂ ಕೆಲವು ನಾರು ಹರಿದವು. ನಾರು ಹರಿದರೆ ಅಲ್ಲಿಂದ ಸ್ಲಡ್ಜ್ ಒಳಗೆ ನುಗ್ಗುತ್ತದೆ, ಹಾಗಾಗಿ ಹರಿದದ್ದನ್ನೆಲ್ಲ ಹುಡುಕಿ ಅಂಟು ಹಾಕಿ ಮುಚ್ಚಬೇಕು. ಎಂಟರಿಂದ ಹತ್ತು ವರ್ಷ ಬರುತ್ತದೆ ಅಂದಿದ್ದ ಮೊದಲ ಸೆಟ್ಟನ್ನು ಮೂರೇ ವರ್ಷಕ್ಕೆ ಬದಲಾಯಿಸಿದೆವು. ಇಡೀ ಪ್ಲಾಂಟಿನಲ್ಲಿ ಅದಕ್ಕಿಂತ ದುಬಾರಿ ಸಾಮಾನು ಬೇರೆ ಇಲ್ಲ. ಆ ದುಡ್ಡು ಮನೆಯವರ ಮೇಂಟೆನೆನ್ಸ್ ದುಡ್ಡು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈಗ 2 ಮಿಲಿಮೀಟರ್ ತೂತಿನ ತಿರುಗುವ ಡ್ರಮ್ ಸ್ಕ್ರೀನ್ ಇದೆ. ದಿನಾ ಒಂದು ಬಕೆಟ್ ಕಸ ಬೀಳುತ್ತದೆ. ಆ ಬಕೆಟ್ ನೋಡಿದಾಗಲೆಲ್ಲ, ಇಷ್ಟೂ ಮೊದಲು ಮೆಂಬ್ರೇನಿಗೇ ಹೋಗಿ ಸುತ್ತಿಕೊಳ್ಳುತ್ತಿತ್ತಲ್ಲ ಅನ್ನಿಸುತ್ತದೆ. ಕೊಟೇಶನ್ ಬಂದ ತಕ್ಷಣ ಮೆಂಬ್ರೇನ್ ಯಾವ ದೇಶದ್ದು ಅಂತ ಎಲ್ಲರೂ ಕೇಳುತ್ತಾರೆ. ಜರಡಿಯ ತೂತು ಎಷ್ಟು ಅಂತ ಮೊದಲು ಕೇಳಿ.

ದಿನದ ಕೆಲಸದಲ್ಲಿ ನಾನು ನಂಬಿರೋದು ವ್ಯಾಕ್ಯೂಮ್ ಗೇಜನ್ನು. ಪಂಪ್ ಎಷ್ಟು ಜೋರಾಗಿ ಎಳೆಯಬೇಕಾಗಿದೆ ಅಂತ ಅದರ ಮುಳ್ಳು ತೋರಿಸುತ್ತದೆ, ರಂಧ್ರ ಕಟ್ಟಿದಷ್ಟೂ ಏರುತ್ತದೆ. ನೀರು ಎಷ್ಟೇ ತಿಳಿಯಾಗಿ ಬಂದರೂ ಮೆಂಬ್ರೇನ್ ಒಳಗೊಳಗೇ ಕಟ್ಟಿಕೊಳ್ಳುತ್ತಿರಬಹುದು. ಹೊಸದರಲ್ಲಿ ಮುಳ್ಳು 8 ಕಿಲೋಪಾಸ್ಕಲ್ ತೋರಿಸುತ್ತಿತ್ತು. ಗಾಜಿನ ಮೇಲೆ 25ರ ಹತ್ತಿರ ಕೆಂಪು ಮಾರ್ಕರಿನಲ್ಲಿ ಗೆರೆ ಎಳೆದಿದ್ದೇನೆ. ಅಲ್ಲಿಗೆ ಬರುವ ಮುಂಚೆಯೇ ತೊಳೆಯಬೇಕು. ಪಂಪ್ ಒಂಬತ್ತು ನಿಮಿಷ ಎಳೆಯುತ್ತದೆ, ಒಂದು ನಿಮಿಷ ಬಿಡುತ್ತದೆ. ಆ ಬಿಡುವಿನಲ್ಲಿ ಕೆಳಗಿನಿಂದ ಏಳುವ ದೊಡ್ಡ ಗುಳ್ಳೆಗಳು ನಾರನ್ನು ಅಲ್ಲಾಡಿಸಿ ಅಂಟಿದ್ದನ್ನು ಉದುರಿಸುತ್ತವೆ. ಆದ್ದರಿಂದ ಗಾಳಿ ಊದುವ ಬ್ಲೋವರ್ ನಿಂತರೆ ಸಕ್ಷನ್ ಪಂಪ್ ತಾನೇ ನಿಲ್ಲುವ ಹಾಗೆ ವೈರಿಂಗ್ ಮಾಡಿಸಿ. ಗಾಳಿ ಇಲ್ಲದೆ ಅರ್ಧ ಗಂಟೆ ಎಳೆದರೂ ಮುಳ್ಳು ಏರಿರುತ್ತದೆ.

ಸ್ಲಡ್ಜ್ ಎಂಎಲ್‌ಎಸ್‌ಎಸ್, ಅಂದರೆ ಟ್ಯಾಂಕಿನ ಒಂದು ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಸ್ಲಡ್ಜ್ ಇದೆ ಅನ್ನೋದು, 8,000ದಿಂದ 10,000 ಇದ್ದರೆ ಆರಾಮು. ಹಳೇ ಪ್ಲಾಂಟಿನಲ್ಲಿ 3,000–4,000 ಇಟ್ಟುಕೊಳ್ಳುತ್ತಿದ್ದೆವು. ಅದಕ್ಕೇ ಇದಕ್ಕೆ ಜಾಗ ಕಡಿಮೆ ಸಾಕು. ಒಮ್ಮೆ ಸ್ಲಡ್ಜ್ ಹಿಂಡುವ ಫಿಲ್ಟರ್ ಪ್ರೆಸ್ ಕೆಟ್ಟು ಮೂರು ವಾರ ಸ್ಲಡ್ಜ್ ಹೊರಗೆ ತೆಗೆಯಲಾಗಲಿಲ್ಲ. 15,000 ದಾಟಿತು. ಟ್ಯಾಂಕಿನ ನೀರು ರಾಗಿ ಗಂಜಿಯ ಹಾಗೆ ಮಂದವಾಗಿ, ಗುಳ್ಳೆ ಮೇಲೇಳೋಕೇ ಒದ್ದಾಡುತ್ತಿತ್ತು. ಚೆನ್ನಾಗಿರುವ ಟ್ಯಾಂಕಿನಿಂದ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಬಾಗಿಲು ತೆಗೆದ ಕೂಡಲೇ ನನಗೆ ಗೊತ್ತಾಗುತ್ತದೆ.

ತೊಳೆಯೋದು ಎರಡು ಥರ. ವಾರಕ್ಕೊಮ್ಮೆ ತೆಳು ಹೈಪೋ (ಬ್ಲೀಚ್ ದ್ರಾವಣ). ಆರು ತಿಂಗಳಿಗೊಮ್ಮೆ ಮಾಡ್ಯೂಲನ್ನು ಬೇರೆ ಟ್ಯಾಂಕಿನಲ್ಲಿ ರಾತ್ರಿಯಿಡೀ ಹೈಪೋದಲ್ಲಿ ನೆನೆಸೋದು, ಆಮೇಲೆ ಪೂರ್ತಿ ತೊಳೆದು ಸಿಟ್ರಿಕ್ ಆ್ಯಸಿಡ್. ಇವೆರಡು ಒಂದಕ್ಕೊಂದು ತಾಗಲೇಬಾರದು, ಕ್ಲೋರಿನ್ ಅನಿಲ ಏಳುತ್ತದೆ. ನಮ್ಮದು ಬೇಸ್‌ಮೆಂಟು. ಹೊಸ ಹುಡುಗರು ಬಂದರೆ ನಾನು ಮೊದಲು ಹೇಳೋದು ಇದನ್ನೇ. ಆಮೇಲೆ ಹೇಳೋದು, ಯಾರೇ ಹೇಳಿದರೂ ಟ್ಯಾಂಕಿನೊಳಗೆ ಇಳಿಯಬೇಡ ಅಂತ.

ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಸರ್ವಿಸ್ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ. ಮುಳ್ಳು 35ಕ್ಕೆ ಹೋದಾಗ ಫೋನ್ ಮಾಡಿದರೆ ಒಂಬತ್ತು ದಿನಕ್ಕೆ ಬಂದರು. ಆ ಒಂಬತ್ತು ದಿನ ಪಂಪಿನ ವೇಗ ಇಳಿಸಿ, ನೀರು ಕಡಿಮೆ ತೆಗೆದು ಹೇಗೋ ತಳ್ಳಿದೆ. ಅಗ್ರಿಮೆಂಟಿನಲ್ಲಿ ಎಷ್ಟು ಗಂಟೆಯೊಳಗೆ ಬರಬೇಕು ಅಂತ ಬರೆಸಿಕೊಳ್ಳಿ.

ಕರೆಂಟು ಜಾಸ್ತಿ ಎಳೆಯುತ್ತದೆ. ನಮ್ಮಲ್ಲಿ ಸಾವಿರ ಲೀಟರಿಗೆ ಹತ್ತಿರ ಹತ್ತಿರ 2 ಯೂನಿಟ್. ಜಾಗ ಇಲ್ಲದ, ನೀರಿಗೆ ಟ್ಯಾಂಕರನ್ನೇ ನಂಬಿರುವ ಅಪಾರ್ಟ್‌ಮೆಂಟಿಗೆ ಅಷ್ಟು ಕೊಟ್ಟರೂ ನಷ್ಟ ಇಲ್ಲ. ಒಟ್ಟಾರೆ ಎಂಬಿಆರ್‌ಗೆ 5ಕ್ಕೆ 4 ಅಂಕ ಕೊಡುತ್ತೇನೆ. ಆದರೆ ಮೂರು ಶಿಫ್ಟಿಗೂ ಕಲಿತ ಆಪರೇಟರ್ ಇಡೋಕೆ ಆಗಲ್ಲ, ಸೆಕ್ಯೂರಿಟಿಯವರೇ ಬಟನ್ ಒತ್ತಲಿ ಅನ್ನುವ ಕಡೆ ದಯವಿಟ್ಟು ಹಾಕಿಸಬೇಡಿ.

ಇವತ್ತು ಬೆಳಿಗ್ಗೆ ಮುಳ್ಳು 13ರಲ್ಲಿತ್ತು. ಮುಂದಿನ ದೊಡ್ಡ ತೊಳೆತವನ್ನು ದೀಪಾವಳಿ ಕಳೆದ ವಾರಕ್ಕೆ ಇಟ್ಟುಕೊಂಡಿದ್ದೇನೆ. ಚಕ್ಕುಲಿ, ಕಜ್ಜಾಯ ಕರಿದ ಎಣ್ಣೆ ಸಿಂಕಿಗೆ ಬಿದ್ದು ಗ್ರೀಸ್ ಟ್ರ್ಯಾಪ್ ದಾಟಿ ಬಂದರೆ ನಾರಿನ ಮೇಲೆ ಪದರ ಕಟ್ಟುತ್ತದೆ. ಕರಿದ ಎಣ್ಣೆ ಹಾಕೋಕೆ ಈ ಸಲ ಲಿಫ್ಟ್ ಪಕ್ಕ ಒಂದು ಡ್ರಮ್ ಇಡಿಸಿಕೊಡಿ ಅಂತ ಕಮಿಟಿಯವರನ್ನು ಕೇಳಿದ್ದೇನೆ, ಒಪ್ಪಿದ್ದಾರೆ.