ಧಾರವಾಡಕ್ಕೆ ಏನೂ ಆಗಲಿಲ್ಲ, ಹುಬ್ಬಳ್ಳಿ ಮುರಿದು ಬಿತ್ತು: ಇ-ರೀಡರ್ ಜೊತೆ ನಾಲ್ಕು ವರ್ಷ

ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಹೇಳಿದರೆ ಅರ್ಧ ಜನ ಆ ಕಂಪನಿಯ ಪರ, ಇನ್ನರ್ಧ ಜನ ವಿರುದ್ಧ ಜಗಳಕ್ಕೆ ನಿಲ್ಲುತ್ತಾರೆ, ನನ್ನ ದೂರು ಕೇಳುವವರೇ ಇರುವುದಿಲ್ಲ. ಆರು ಇಂಚಿನ ಕಪ್ಪು-ಬಿಳುಪು ಪರದೆಯ, ಓದುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಾರದ ಒಂದು ಸಾಧನ ಎಂದುಕೊಂಡರೆ ಸಾಕು. 2021ರ ದೀಪಾವಳಿ ಬೋನಸ್ಸಿನಲ್ಲಿ 9,800 ರೂಪಾಯಿ ಕೊಟ್ಟು ಕೊಂಡೆ. ಎಷ್ಟು ಜಿಬಿ, ಎಷ್ಟು ಪಿಕ್ಸೆಲ್ ಎಂಬುದೆಲ್ಲ ಡಬ್ಬಿಯ ಮೇಲೆಯೇ ಇರುತ್ತದೆ, ನೋಡಿಕೊಳ್ಳಿ.

ಕೊಳ್ಳಲು ಕಾರಣ ಹೊಸದರ ಹುಚ್ಚಲ್ಲ, ಬಾಡಿಗೆ ಮನೆ. ಆ ವರ್ಷದ ಬೇಸಿಗೆಯಲ್ಲಿ ಧಾರವಾಡದ ಮಾಳಮಡ್ಡಿಯಲ್ಲೇ ಒಂದು ಮನೆ ಬಿಟ್ಟು ಎರಡು ಓಣಿ ಆಚೆಯ ಇನ್ನೊಂದು ಮನೆಗೆ ಹೋದೆವು. ಪುಸ್ತಕಗಳನ್ನು ಜೋಳದ ಖಾಲಿ ಚೀಲಗಳಲ್ಲಿ ತುಂಬಿದ್ದೆ. 14 ಚೀಲ ಆದವು. ಹಮಾಲ ಮೂರನೆಯ ಚೀಲವನ್ನು ಬೆನ್ನಿಗೇರಿಸಿದವನೇ ಕೆಳಗಿಳಿಸಿ, "ಜೋಳವಾದರೆ ಬೆನ್ನಿಗೆ ಒಗ್ಗುತ್ತದೆ ಸಾಹೇಬರೇ, ಇದು ಚುಚ್ಚುತ್ತದೆ" ಎಂದು ಚೀಲಕ್ಕೆ 20 ರೂಪಾಯಿ ಹೆಚ್ಚಿಗೆ ಕೇಳಿದ. ಕೊಟ್ಟೆ. ಅಷ್ಟು ಮಾಡಿ ತಂದರೂ ಮಳೆಗಾಲ ಮುಗಿಯುವಷ್ಟರಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಎರಡು ಚೀಲ ಗೆದ್ದಲಿನ ಪಾಲಾದವು. ಅಜ್ಜ ಮನೋಹರ ಗ್ರಂಥಮಾಲೆ ಪ್ರಕಾಶನದ ಚಂದಾದಾರರಾಗಿ ತರಿಸಿಕೊಂಡ ಪುಸ್ತಕಗಳು ಅವುಗಳಲ್ಲೇ ಇದ್ದವು. ಮೊದಲ ಪುಟದಲ್ಲಿ ಕೆಂಪು ಶಾಯಿಯ ಹೆಸರು, ತಾರೀಖು. ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರದ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ನಷ್ಟವನ್ನು ನಷ್ಟದ ಕಾಲಂನಲ್ಲಿ ಬರೆದು ಮುಂದೆ ಹೋಗುವುದು ರೂಢಿಯಾಗಿದೆ. ಇದೊಂದನ್ನು ಬರೆಯಲಾಗಲಿಲ್ಲ. ಇನ್ನು ಮುಂದೆ ಗೆದ್ದಲು ತಿನ್ನದ ಪುಸ್ತಕವೇ ಬೇಕು ಎಂದು ಹಟ ಹಿಡಿದು ಇದನ್ನು ತರಿಸಿದೆ.

ಮೊದಲ ಒಂದೂಮುಕ್ಕಾಲು ವರ್ಷದ ಬಗ್ಗೆ ಒಳ್ಳೆಯ ಮಾತೇ ಹೇಳಬೇಕು. ಬೆಳಿಗ್ಗೆ ಜುಬಿಲಿ ವೃತ್ತದಲ್ಲಿ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ ಹತ್ತುತ್ತೇನೆ. ಸೀಟು ಸಿಗುವುದು ಅಪರೂಪ. ಒಂದು ಕೈಯಲ್ಲಿ ಮೇಲಿನ ಪಟ್ಟಿ, ಇನ್ನೊಂದು ಕೈಯಲ್ಲಿ ಇದು. ಹೆಬ್ಬೆರಳು ಮುಟ್ಟಿದರೆ ಪುಟ ತಿರುಗುತ್ತದೆ. ನಿಂತುಕೊಂಡು ಒಂದೇ ಕೈಯಲ್ಲಿ ಕಾಗದದ ಪುಸ್ತಕ ಓದಿದವರಿಗೆ ಈ ಸುಖ ಏನೆಂದು ಗೊತ್ತು. ಟೋಲ್‌ನಾಕಾ ದಾಟುವಷ್ಟರಲ್ಲಿ ಕಥೆಯೊಳಗೆ ಇಳಿದಿರುತ್ತೇನೆ. ನವಲೂರಿನ ಪೇರಲ ಹಣ್ಣಿನ ಬುಟ್ಟಿಯೊಂದು ಬಸ್ಸಿನೊಳಗೆ ಬಂದರೆ ಮಾತ್ರ ಆ ವಾಸನೆಗೆ ತಲೆ ಎತ್ತುತ್ತೇನೆ. ಉಣಕಲ್ ಕೆರೆ ಬಂತೆಂದರೆ ಇನ್ನು ಐದಾರು ಪುಟ ಎಂಬ ಅಂದಾಜು. ಹೆಂಡತಿ ಗುಳೇದಗುಡ್ಡದ ಹಳೆಯ ಖಣದಲ್ಲಿ ಇದಕ್ಕೊಂದು ಚೀಲ ಹೊಲಿದುಕೊಟ್ಟಿದ್ದಾಳೆ, ಕಂಪನಿಯ 1,200 ರೂಪಾಯಿಯ ಹೊದಿಕೆಗಿಂತ ಅದೇ ಗಟ್ಟಿ.

ಸಂಜೆ ಗಿರ್ಮಿಟ್ ತಿಂದ ಕೈಯಲ್ಲಿ ಇದನ್ನು ಮುಟ್ಟಬಾರದು ಎಂಬುದು ಮನೆಯ ಕಾನೂನು. ಆದರೂ ಮುಟ್ಟುತ್ತೇನೆ, ಬೆರಳಿನ ಗೆಣ್ಣಿನಿಂದ. ಪರದೆಗೆ ಗೆಣ್ಣು ಯಾವುದು, ತುದಿ ಯಾವುದು ಎಂಬ ಭೇದವಿಲ್ಲ. ರಾತ್ರಿ ಸೊಳ್ಳೆಪರದೆಯೊಳಗೆ ದೀಪ ಆರಿಸಿ, ಬೆಳಕನ್ನು ನಾಲ್ಕಕ್ಕೆ ಇಳಿಸಿ ಓದುವಾಗ ಪಕ್ಕದವರ ನಿದ್ದೆ ಕೆಡುವುದಿಲ್ಲ. ಕೆಳಗಡೆ ಶೇಕಡಾ ಎಷ್ಟು ಓದಿದ್ದೀರಿ ಎಂದು ಒಂದು ಅಂಕಿ ಬರುತ್ತದಲ್ಲ, ಅದನ್ನು ಮಾತ್ರ ಮೊದಲ ತಿಂಗಳೇ ತೆಗೆಸಿದೆ. ದಿನವಿಡೀ ಅಂಕಿ ನೋಡುವವನಿಗೆ ಕಾದಂಬರಿಯಲ್ಲೂ ಅಂಕಿ ಬೇಡ.

ಇನ್ನು ಕನ್ನಡದ ವಿಷಯ. 2016ರ ಕೊನೆಯಲ್ಲಿ ಇ-ಪುಸ್ತಕ ಮಾರುವ ದೊಡ್ಡ ಅಂಗಡಿಯೊಂದು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಗಳಿಗೆ ಬಾಗಿಲು ತೆರೆಯಿತು. ಐದರಲ್ಲಿ ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕಗಳು ಬೇರೆ ಕಡೆ ಸಿಗುತ್ತವೆ, ಆದರೆ ನಾನು ಕೊಂಡವೆಲ್ಲ ಅವರವರ ಮೊಬೈಲ್ ಆ್ಯಪ್‌ನೊಳಗೇ ತೆರೆಯುತ್ತವೆ, ಈ ಸಾಧನದೊಳಗೆ ಬರುವುದಿಲ್ಲ. ಹಾಗಾಗಿ ಇಂಗ್ಲಿಷ್ ಪುಸ್ತಕ ಗುಂಡಿ ಒತ್ತಿದರೆ ಬರುತ್ತಿತ್ತು, ಕನ್ನಡ ಪುಸ್ತಕಕ್ಕೆ ಲೇಖಕರ ವಿಳಾಸ ಹುಡುಕಿ, ಕಡತ ಕೇಳಿ, ಹಣ ಕಳಿಸಿ, ಕಂಪ್ಯೂಟರಿನಿಂದ ತಂತಿ ಹಚ್ಚಿ ತುಂಬಿಸಬೇಕಾಗುತ್ತಿತ್ತು. ತುಂಬಿಸಿದ ಮೇಲೆ "ರಾಷ್ಟ್ರ" ಎಂಬಲ್ಲಿ ಕೆಳಗೆ ಜೋತುಬಿದ್ದ ಒತ್ತುಗಳ ಕಾಲು ಕತ್ತರಿಸಿಹೋಗುತ್ತಿತ್ತು. ಸಾಲುಗಳ ನಡುವಿನ ಅಂತರ ಹೆಚ್ಚಿಸಿದರೆ ಸರಿಹೋಗುತ್ತದೆ. ಇಂಗ್ಲಿಷಿಗೆ ಅಳೆದು ಹೊಲಿದ ಅಂಗಿ, ನಮ್ಮ ಅಕ್ಷರಗಳಿಗೆ ಉದ್ದ ಸಾಲದು. ಇದನ್ನೆಲ್ಲ ಸಹಿಸಿಕೊಂಡಿದ್ದೆ.

2023ರ ಆಗಸ್ಟ್‌ನಲ್ಲಿ ರಾತ್ರಿ ತಂತ್ರಾಂಶದ ಪರಿಷ್ಕರಣೆಯೊಂದು ತಾನೇ ಬಂದು ಕುಳಿತಿತು. ಬೆಳಿಗ್ಗೆ ಬಸ್ಸಿನಲ್ಲಿ ತೆರೆದರೆ ಒತ್ತಕ್ಷರಗಳೆಲ್ಲ ಕೆಳಗಿನಿಂದ ಎದ್ದು ಬಂದು ಸಾಲಿನಲ್ಲಿ ನಿಂತಿವೆ. ಹುಬ್ಬಳ್ಳಿ ಎಂಬುದು "ಹುಬ್‌ಬಳ್‌ಳಿ" ಆಗಿತ್ತು. ಧಾರವಾಡಕ್ಕೆ ಏನೂ ಆಗಿರಲಿಲ್ಲ. ಗದಗ, ಹಾವೇರಿ ಕೂಡ ಕ್ಷೇಮ, ಒತ್ತಿಲ್ಲದ ಊರುಗಳು. ಧಾರವಾಡದ ಗೆಳೆಯರಿಗೆ ಹೇಳಿದರೆ "ಅದರಲ್ಲಿ ಹೊಸದೇನು, ಹುಬ್ಬಳ್ಳಿ ಮೊದಲಿನಿಂದಲೂ ಹಾಗೆಯೇ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅಕ್ಕ ಇಲ್ಲ, ಅಮ್ಮ ಇಲ್ಲ, ಅಣ್ಣ ಇಲ್ಲ. ಅಪ್ಪ ಎಂದು ಕರೆಯುವ ಕಡೆಯೆಲ್ಲ ಬಿಕ್ಕಳಿಕೆ. ಹತ್ತು ಪುಟ ಓದುವಷ್ಟರಲ್ಲಿ ತಲೆ ಸಿಡಿಯಿತು.

ಸಹಾಯವಾಣಿಗೆ ಮೂರು ಸಲ ಕರೆ ಮಾಡಿದೆ. ಮೊದಲ ಸಲ ಸಾಧನವನ್ನು ಆರಿಸಿ ಹಚ್ಚಲು ಹೇಳಿದರು. ಎರಡನೆಯ ಸಲ ಎಲ್ಲವನ್ನೂ ಅಳಿಸಿ ಹೊಸದಾಗಿ ಶುರು ಮಾಡಲು ಹೇಳಿದರು. ಮಾಡಿದೆ, ನಾನು ಹಾಕಿಕೊಂಡಿದ್ದ ಗುರುತುಗಳೆಲ್ಲ ಹೋದವು. ಮೂರನೆಯ ಸಲ ಒಬ್ಬ ಹುಡುಗ ಬಹಳ ಸೌಜನ್ಯದಿಂದ ಸತ್ಯ ಹೇಳಿದ: ಈ ಸಾಧನದಲ್ಲಿ ಕನ್ನಡಕ್ಕೆ ಅಧಿಕೃತ ಬೆಂಬಲವೇ ಇಲ್ಲ, ಇಷ್ಟು ದಿನ ಸರಿಯಾಗಿ ಕಂಡದ್ದು ಆಕಸ್ಮಿಕ. ಅಂದರೆ ನಾನು ಒಂದೂಮುಕ್ಕಾಲು ವರ್ಷ ಆಕಸ್ಮಿಕವಾಗಿ ಓದುತ್ತಿದ್ದೆ! ಆ ವಾರ ಇದನ್ನು ಮಾರಿಬಿಡಲು 4,000ಕ್ಕೆ ಗಿರಾಕಿಯನ್ನೂ ನೋಡಿದ್ದೆ.

ಮಾರದೆ ಉಳಿದದ್ದು ಒಂದು ಉಪಾಯದಿಂದ. ಪಠ್ಯವನ್ನು ಕಂಪ್ಯೂಟರಿನಲ್ಲಿ 9 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಎತ್ತರದ ಪುಟಕ್ಕೆ ಕೂಡಿಸಿ, ನವಿಲು ಫಾಂಟ್ ಹಾಕಿ, ಪಿಡಿಎಫ್ ಮಾಡಿದರೆ ಅಕ್ಷರಗಳು ಚಿತ್ರದಂತೆ ಕುಳಿತುಬಿಡುತ್ತವೆ. ಸಾಧನಕ್ಕೆ ಅವುಗಳನ್ನು ಜೋಡಿಸುವ ಕೆಲಸವೇ ಇರುವುದಿಲ್ಲ, ಕೆಡಿಸುವ ಅವಕಾಶವೂ ಇಲ್ಲ. ಆದರೆ ಇದಕ್ಕೆ ಪಠ್ಯ ಬೇಕು, ಸ್ಕ್ಯಾನ್ ಮಾಡಿದ ಪುಟ ನಡೆಯುವುದಿಲ್ಲ. ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳ ಸ್ಕ್ಯಾನ್‌ಗಳು ಅಂತರ್ಜಾಲದಲ್ಲಿ ರಾಶಿ ಬಿದ್ದಿವೆ, ಎಷ್ಟೋ ಪುಸ್ತಕಗಳ ಮೇಲೆ ಉಸ್ಮಾನಿಯಾ ವಿಶ್ವವಿದ್ಯಾಲಯ ಗ್ರಂಥಾಲಯದ ಚೀಟಿ. ಆರು ಇಂಚಿನಲ್ಲಿ ಅವು ಇರುವೆ ಸಾಲು. 1942ರಲ್ಲಿ ತೀರಿಕೊಂಡ ಗಳಗನಾಥರ ಒಂದು ಕಾದಂಬರಿಯನ್ನು ಹಾಗೆ ಓದಲು ಹೋಗಿ ಮೂರನೆಯ ಪುಟಕ್ಕೆ ಕೈಬಿಟ್ಟೆ. ಹಾವೇರಿ ಸೀಮೆಯ ಆ ಮನುಷ್ಯ ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಅವರು ಹೊತ್ತದ್ದನ್ನು ನನ್ನ ಬಳಿ ಇರುವ 200 ಗ್ರಾಂ ಯಂತ್ರಕ್ಕೆ ಹೊರಲಾಗಲಿಲ್ಲ.

ಹಾವೇರಿ ಎಂದಾಗ ನೆನಪಾದದ್ದು ಇನ್ನೊಬ್ಬರು. 2023ರ ಜನವರಿಯಲ್ಲಿ ಅಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ನಡೆದಾಗ ಪುಸ್ತಕ ಮಳಿಗೆಗಳ ಆಚೆ, ಬೇಲಿಯ ಪಕ್ಕ, ರೆಕ್ಸಿನ್ ಚೀಲದಲ್ಲಿ ಇಪ್ಪತ್ತು ಪ್ರತಿ ಇಟ್ಟುಕೊಂಡು ಒಬ್ಬರು ಕುಳಿತಿದ್ದರು. ಲಕ್ಷ್ಮೇಶ್ವರದವರು, ನಿವೃತ್ತ ನರ್ಸ್. ಸುತ್ತಲಿನ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಹೆರಿಗೆಗೆ ಹೋಗುತ್ತಿದ್ದ ದಿನಗಳನ್ನು ಕಥೆ ಮಾಡಿ ಬರೆದಿದ್ದರು. ಮಳಿಗೆ ಹಿಡಿಯಲು ಅವರ ಬಳಿ ಇದ್ದದ್ದು ಒಂದೇ ಪುಸ್ತಕ. 200 ರೂಪಾಯಿ ಕೊಟ್ಟು ಕೊಂಡೆ, ನಲವತ್ತು ಪುಟ ಓದಿದ್ದೆ, ಅಂಗಡಿಯ ಸಹೋದ್ಯೋಗಿ ಒಯ್ದರು. ಪರರ ಕೈಗೆ ಹೋದ ಪುಸ್ತಕ ಹೋದಂತೆಯೇ ಎನ್ನುವ ಪುಸ್ತಕಂ ವನಿತಾ ವಿತ್ತಂ ಶ್ಲೋಕ ಗೊತ್ತಿದ್ದೂ ಕೊಟ್ಟೆ. ಬರಲಿಲ್ಲ. ಒಂದು ಕಥೆಯಲ್ಲಿ ಚಕ್ಕಡಿಯ ಅಚ್ಚು ಮುರಿದು ಅರ್ಧ ದಾರಿಯಲ್ಲಿ ನಿಂತಿದ್ದ ಗರ್ಭಿಣಿ, ನನ್ನ ಮಟ್ಟಿಗೆ ಇನ್ನೂ ಅಲ್ಲೇ ನಿಂತಿದ್ದಳು.

ಹಾಗಾಗಿ ಆಗಸ್ಟ್ ತಿಂಗಳ ಆ ಸಿಟ್ಟಿನಲ್ಲೇ ಪುಸ್ತಕದ ಹಿಂಬದಿಯಿಂದ ಬರೆದಿಟ್ಟುಕೊಂಡಿದ್ದ ಅವರ ನಂಬರಿಗೆ ಫೋನ್ ಮಾಡಿದೆ. "ಅಕ್ಕನವರೇ, ಪುಸ್ತಕದ ಕಡತ ಇದ್ದರೆ ಕೊಡಿ, ಹಣ ಕಳಿಸುತ್ತೇನೆ" ಎಂದೆ. ಎರಡು ವಾರ ಉತ್ತರವಿಲ್ಲ. ಆಮೇಲೆ ಅವರೇ ಕರೆ ಮಾಡಿದರು. "ತಪ್ಪು ತಿಳಿಯಬೇಡ ತಮ್ಮಾ, ಕಡತ ಕೊಟ್ಟರೆ ಅದು ನಾಳೆ ಎಲ್ಲರ ಫೋನಿನಲ್ಲೂ ಇರುತ್ತದೆ ಎಂದು ಹೆದರಿಸಿದ್ದರು" ಎಂದರು. ಅವತ್ತು ಒಂದು ತಾಸು ಅವರ ಲೆಕ್ಕ ಕೇಳಿಸಿಕೊಂಡೆ. ನಾನು ಲೆಕ್ಕದವನು ಎಂದು ಗೊತ್ತಾದ ಮೇಲೆ ಇನ್ನಷ್ಟು ಬಿಚ್ಚಿ ಹೇಳಿದರು. 160 ಪುಟದ 500 ಪ್ರತಿಗೆ ಮುದ್ರಣ, ಕಾಗದ, ಹೊದಿಕೆ ಸೇರಿ 42,000. ಪ್ರತಿಗೆ 84 ರೂಪಾಯಿ ಬಿತ್ತು. ಅಂಗಡಿಯವರು ನೂರಕ್ಕೆ ನಲವತ್ತು ಮುರಿದುಕೊಳ್ಳುತ್ತಾರೆ. 200ರಲ್ಲಿ ಕೈಗೆ 120, ಉಳಿದದ್ದು 36. ಅದೂ ಮಾರಾಟವಾದ ಮೇಲೆ, ಕೇಳಿ ಕೇಳಿ ಪಡೆದ ಮೇಲೆ. ಲೋಕಾರ್ಪಣೆಗೆ ಸಭಾಂಗಣ, ಶಾಲು, ಹಾರ, ಚಹಾ, ಚೂಡಾ ಎಂದು 11,000. ಬಂದವರು ಭಾಷಣ ಕೇಳಿ, ಗೌರವ ಪ್ರತಿ ಪಡೆದು ಹೋದರು. ಗೌರವ ಪ್ರತಿಯೇ 90 ಹೋಗಿವೆ ಎಂದರು. ಗೌರವ ಎಂಬ ಪದವನ್ನು ಇಷ್ಟು ಅಗ್ಗವಾಗಿ ಬಳಸುವ ಇನ್ನೊಂದು ವ್ಯವಹಾರ ನನಗೆ ಗೊತ್ತಿಲ್ಲ. ಉಳಿದವು ಮಂಚದ ಕೆಳಗಿವೆ, ಮದುವೆ ಮುಂಜಿಗೆ ಹೋಗುವಾಗ ಚೀಲದಲ್ಲಿ ಐದಾರು ಹಾಕಿಕೊಂಡು ಹೋಗುತ್ತಾರೆ.

ಕಡತ ಬಂತು. ತೆರೆದರೆ ಕನ್ನಡವೇ ಅಲ್ಲ. ಪುಟ ಜೋಡಿಸುವ ಡಿಟಿಪಿಯವರು ಹಳೆಯ ನುಡಿ ಫಾಂಟಿನಲ್ಲಿ ಮಾಡಿದ್ದರು, ಈಗಿನ ಎಲ್ಲ ಯಂತ್ರಗಳೂ ಗುರುತಿಸುವ ಯೂನಿಕೋಡ್ ಸಂಕೇತದಲ್ಲಿ ಅಲ್ಲ. ರೋಮನ್ ಅಕ್ಷರಗಳ ನೆತ್ತಿಯ ಮೇಲೆ ಚುಕ್ಕೆ, ಗೆರೆ, ಟೋಪಿ ಇಟ್ಟ ಜಾತ್ರೆ. ಪರಿವರ್ತಕದಲ್ಲಿ ಹಾಕಿ ತೆಗೆದೆ. ಕನ್ನಡವಾಯಿತು, ಆದರೆ ಅರ್ಕಾವತ್ತು ಇದ್ದ ಕಡೆಯೆಲ್ಲ ಎಡವಿತ್ತು. ಹಳೆಯ ವಿಧಾನದಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಒತ್ತುತ್ತಾರೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಆ ತಿರುವು ತಪ್ಪಿ ಸೂರ್ಯ "ಸೂಯರ್" ಆಗಿದ್ದ, ಧರ್ಮ "ಧಮರ್" ಆಗಿತ್ತು. ಎಲ್ಲವನ್ನೂ ಒಂದೇ ಏಟಿಗೆ ಬದಲಿಸಲು ಹೋದರೆ "ಡಾಕ್ಟರ್" ಎಂಬಂಥ ಸರಿಯಿದ್ದ ಪದಗಳೂ ಕೆಟ್ಟವು. ಕೊನೆಗೆ ಏಳು ಭಾನುವಾರ ಕುಳಿತು 160 ಪುಟಗಳನ್ನು ಕಣ್ಣಿನಲ್ಲೇ ತಿದ್ದಿದೆ. ಹೆಂಡತಿ ಮೊದಲ ಎರಡು ಭಾನುವಾರ ಗೊಣಗಿ, ಮೂರನೆಯದಕ್ಕೆ ಪಕ್ಕದಲ್ಲಿ ಕುಳಿತು ತಾನು ಗಟ್ಟಿಯಾಗಿ ಓದತೊಡಗಿದಳು, ನಾನು ತಿದ್ದಿದೆ. ಚಕ್ಕಡಿಯ ಗರ್ಭಿಣಿಗೆ ಹೆರಿಗೆಯಾದದ್ದು ಐದನೆಯ ಭಾನುವಾರ, ಹೊಲದ ಬದುವಿನಲ್ಲಿ, ಲಾಟೀನಿನ ಬೆಳಕಿನಲ್ಲಿ. ಹೆಂಡತಿ ಓದುವುದನ್ನು ನಿಲ್ಲಿಸಿ ಎದ್ದು ಹೋಗಿ ಚಹಾಕ್ಕೆ ಇಟ್ಟಳು. ಅವಳೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಇಷ್ಟು ನಿಧಾನವಾಗಿ ನಾನು ಈವರೆಗೆ ಯಾವ ಪುಸ್ತಕವನ್ನೂ ಓದಿರಲಿಲ್ಲ.

ಅಚ್ಚಾದ ಪುಸ್ತಕದಲ್ಲೇ ಇದ್ದ 60ಕ್ಕೂ ಹೆಚ್ಚು ತಪ್ಪುಗಳು ಆಗ ಸಿಕ್ಕವು. ಪಟ್ಟಿ ಮಾಡಿ ಕಳಿಸಿದೆ. ಅವರು ಈಗ ಆ ತಿದ್ದಿದ ಕಡತವನ್ನೇ 100 ರೂಪಾಯಿಗೆ ಮಾರುತ್ತಾರೆ. ಫೋನಿಗೆ ಹಣ ಬಿದ್ದರೆ ಕಡತ ಹೋಗುತ್ತದೆ, ನಡುವೆ ಯಾರೂ ಇಲ್ಲ. ನನ್ನ ಪ್ರತಿ ಒಯ್ದ ಸಹೋದ್ಯೋಗಿ ಮೊನ್ನೆ ಬಂದು "ನಿಮ್ಮ ಬಳಿ ಪಿಡಿಎಫ್ ಇದೆಯಂತೆ, ಕಳಿಸಿಬಿಡಿ" ಎಂದರು. ಲೇಖಕಿಯ ನಂಬರ್ ಕೊಟ್ಟೆ, ಜೊತೆಗೆ ನನ್ನ ಪುಸ್ತಕವನ್ನೂ ಕೇಳಿದೆ. ಮುಖ ಸಣ್ಣದು ಮಾಡಿಕೊಂಡು ಹೋದರು.

ಸಾಧನಕ್ಕೆ ಏನಾಯಿತು ಎಂದು ಹೇಳುವುದು ಮರೆತೆ. 2024ರ ಆರಂಭದಲ್ಲಿ ಇನ್ನೊಂದು ಪರಿಷ್ಕರಣೆ ಬಂದು ಒತ್ತುಗಳು ಸದ್ದಿಲ್ಲದೆ ತಮ್ಮ ಜಾಗಕ್ಕೆ ಇಳಿದವು. ಇದೂ ಆಕಸ್ಮಿಕವೇ ಇರಬೇಕು. ಅಂದಿನಿಂದ ತಾನಾಗಿ ಏನೂ ಬಂದು ಕೂರದಂತೆ ವೈಫೈ ಆರಿಸಿಟ್ಟಿದ್ದೇನೆ. ಬ್ಯಾಟರಿ ಮೊದಲು ಒಂದು ತಿಂಗಳು ಬರುತ್ತಿತ್ತು, ಈಗ ಹನ್ನೆರಡು ದಿನ. ಪುಟ ತಿರುಗಿಸಿದಾಗ ಹಿಂದಿನ ಪುಟದ ನೆರಳು ಸ್ವಲ್ಪ ಉಳಿಯುತ್ತದೆ. ಮೂಲೆಯೊಂದು ಚಕ್ಕೆ ಎದ್ದಿದೆ. 9,800ನ್ನು ನಾಲ್ಕು ವರ್ಷಕ್ಕೆ ಹಂಚಿದರೆ ದಿನಕ್ಕೆ ಏಳು ರೂಪಾಯಿಯೂ ಬೀಳುವುದಿಲ್ಲ, ದುರ್ಗದಬೈಲಿನಲ್ಲಿ ಒಂದು ಚಹಾ ಅದಕ್ಕಿಂತ ದುಬಾರಿ. ಬರೀ ಇಂಗ್ಲಿಷ್ ಓದುವವರು ಕಣ್ಣುಮುಚ್ಚಿ ಕೊಳ್ಳಬಹುದು. ಕನ್ನಡ ಓದಲೆಂದು ಕೊಳ್ಳುವವರು ಮೊದಲು ಕಂಪ್ಯೂಟರಿನಲ್ಲಿ ನಾಲ್ಕು ಕೆಲಸ ಕಲಿತುಕೊಳ್ಳಿ, ಅಥವಾ ಕಲಿತವರ ಸ್ನೇಹ ಇಟ್ಟುಕೊಳ್ಳಿ. ಐದಕ್ಕೆ ಮೂರು ನಕ್ಷತ್ರ. ಆಗಸ್ಟ್ 2023ರಲ್ಲಿ ಬರೆದಿದ್ದರೆ ಒಂದೂ ಕೊಡುತ್ತಿರಲಿಲ್ಲ.

ಕಳೆದ ಗುರುವಾರ ಅಕ್ಕನವರ ಎರಡನೆಯ ಪುಸ್ತಕದ ಕರಡು ಬಂತು. ಈ ಸಲ ಯೂನಿಕೋಡಿನಲ್ಲೇ ಟೈಪ್ ಮಾಡಿಸಿದ್ದಾರೆ. ಬಸ್ ಹತ್ತುವ ಮೊದಲೇ ತುಂಬಿಸಿಕೊಂಡೆ. ಮೊದಲ ಸಾಲಿನಲ್ಲೇ ಲಕ್ಷ್ಮೇಶ್ವರ ಇತ್ತು. ಷ, ಮ, ವ ಎಲ್ಲವೂ ಅವುಗಳ ಜಾಗದಲ್ಲಿ. ಸತ್ತೂರು ದಾಟುವಾಗ ಎರಡನೆಯ ಪುಟದಲ್ಲಿ ಒಂದು ಅರ್ಕಾವತ್ತು ಬಿಟ್ಟುಹೋದದ್ದು ಕಂಡಿತು. ನಿಂತಲ್ಲಿಂದಲೇ ಸಂದೇಶ ಕಳಿಸಿದೆ. ನವನಗರ ಬರುವಷ್ಟರಲ್ಲಿ ಉತ್ತರ ಬಂತು: "ಪೂರ್ತಿ ಓದಿಯಾದರೂ ಬಯ್ಯು ತಮ್ಮಾ."