ಕ್ವೈದಾನ್: 161 ನಿಮಿಷವೋ, 183 ನಿಮಿಷವೋ?

'ಕ್ವೈದಾನ್' ಸಿನಿಮಾ ಎರಡು ಉದ್ದದಲ್ಲಿದೆ, ಯಾವುದನ್ನು ನೋಡಬೇಕು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 183 ನಿಮಿಷದ ಡಿಸ್ಕಿಗೆ. ಅದನ್ನು ನೋಡೋಕೆ ನಾನು ಪಟ್ಟ ಪಾಡು ಕೇಳಿದರೆ ನಗುತ್ತೀರಿ.

ಮಸಾಕಿ ಕೊಬಯಾಶಿಯ 'ಕ್ವೈದಾನ್' 1964ರ ಜಪಾನಿ ಸಿನಿಮಾ. ನಾಲ್ಕು ದೆವ್ವದ ಕಥೆಗಳು. ನನ್ನ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ 161 ನಿಮಿಷದ ಡಿವಿಡಿ. ನಾಲ್ಕೂ ಕಥೆ ಇವೆ, ಚಿತ್ರ ಸ್ವಲ್ಪ ಮಂಕು. ಇದೇ ಪೂರ್ತಿ ಸಿನಿಮಾ ಅಂತ ಆರು ವರ್ಷ ನಂಬಿದ್ದೆ. ಕಾನ್ ಚಿತ್ರೋತ್ಸವಕ್ಕೆಂದು ಕತ್ತರಿ ಆಡಿಸಿದ ಪ್ರತಿ ಇದು ಅಂತ ಆಮೇಲೆ ಗೊತ್ತಾಯಿತು. 1965ರಲ್ಲಿ ಅಲ್ಲಿ ಜ್ಯೂರಿಯ ವಿಶೇಷ ಬಹುಮಾನವೂ ಬಂತು ಅನ್ನಿ. ಅಮೆರಿಕದ ಥಿಯೇಟರುಗಳಲ್ಲಂತೂ ಹಿಮದ ಹೆಂಗಸಿನ ಕಥೆಯನ್ನೇ ಎತ್ತಿಬಿಟ್ಟಿದ್ದರು.

ಅಕ್ಕನ ಮಗ ಅಮೆರಿಕದಿಂದ ಬರುವಾಗ ಕತ್ತರಿ ಬೀಳದ 183 ನಿಮಿಷದ ಬ್ಲೂ-ರೇ ತಂದುಕೊಟ್ಟ. ಶನಿವಾರ ರಾತ್ರಿ ಊಟ ಮುಗಿಸಿ, ಲೈಟ್ ಆರಿಸಿ, ಡಿಸ್ಕ್ ಹಾಕಿ ಕೂತೆ. ಈ ಡಿಸ್ಕ್ ಓಡುವುದಿಲ್ಲ ಅಂತ ಪರದೆ ಮೇಲೆ ಬಂತು. ಧೂಳಿರಬೇಕು ಅಂತ ಪಂಚೆ ಅಂಚಲ್ಲಿ ಒರೆಸಿ ಹಾಕಿದೆ. ಮತ್ತೆ ಅದೇ. ಅವನಿಗೆ ಫೋನ್ ಮಾಡಿದರೆ, "ಮಾಮಾ, ನಮ್ಮನೇಲಿ ಚೆನ್ನಾಗೇ ಓಡ್ತಿತ್ತಲ್ಲ!" ಅಂದ.

ಅಲ್ಲೇ ಇದ್ದದ್ದು ಗುಟ್ಟು. ಎಷ್ಟೋ ಬ್ಲೂ-ರೇಗಳಿಗೆ ದೇಶ ನೋಡಿ ಬೀಗ ಹಾಕಿರುತ್ತಾರೆ. ಅಮೆರಿಕ, ಜಪಾನ್ 'ಎ' ಗುಂಪು. ಯುರೋಪ್ 'ಬಿ'. ನಾವು, ಚೀನಾ, ರಷ್ಯಾ 'ಸಿ'. ಡಬ್ಬಿಯ ಹಿಂದೆ ಅಕ್ಕಿಕಾಳಿನಷ್ಟು ಸಣ್ಣದಾಗಿ 'ಎ' ಅಂತ ಇತ್ತು. ಕನ್ನಡಕ ಹಾಕಿಕೊಂಡು ಓದಿದರೂ ಅದು ಬೀಗ ಅಂತ ಯಾರಿಗೆ ಹೊಳೆಯುತ್ತೆ? ಮೂರು ವಾರ ಡಬ್ಬಿ ಟಿವಿ ಪಕ್ಕ ಸುಮ್ನೆ ಕೂತಿತ್ತು. ಕೊನೆಗೆ ಎಲ್ಲ ಗುಂಪಿನ ಡಿಸ್ಕನ್ನೂ ಓಡಿಸುವ ಹಳೇ ಪ್ಲೇಯರ್ ಒಂದು 4500 ರೂಪಾಯಿಗೆ ಸಿಕ್ಕಿತು. ಪುಕ್ಕಟೆ ಬಂದ ಡಿಸ್ಕಿಗೆ ಇಷ್ಟು ಖರ್ಚು!

ಆದರೂ ಬೇಜಾರಿಲ್ಲ. ಒಂದು ಕಥೆಯಲ್ಲಿ ಕುರುಡ ಹೋಯ್ಚಿ ಬೀವಾ ಅನ್ನೋ ಜಪಾನಿ ತಂತಿವಾದ್ಯ ನುಡಿಸುತ್ತಾ 1185ರ ದಾನ್-ನೊ-ಉರಾ ಕಾಳಗವನ್ನು ಹಾಡುತ್ತಾನೆ, ನಮ್ಮ ಕಿನ್ನರಿ ಜೋಗಿಗಳು ಅರ್ಜುನನ ಕಥೆ ಹಾಡುವ ಹಾಗೆ. ಕೂತು ಕೇಳುವವರು ಆ ಕಾಳಗದಲ್ಲಿ ಸತ್ತವರೇ. ದೆವ್ವದ ಕಣ್ಣಿಗೆ ಬೀಳದಿರಲಿ ಅಂತ ಅವನ ಮೈತುಂಬ ಬೌದ್ಧ ಸೂತ್ರ ಬರೆಯುತ್ತಾರೆ, ಕಿವಿ ಮಾತ್ರ ಮರೆಯುತ್ತಾರೆ. ಹಳೇ ಡಿವಿಡಿಯಲ್ಲಿ ಆ ಅಕ್ಷರಗಳು ಮಸಿ ಮೆತ್ತಿದ ಹಾಗಿದ್ದವು. ಇಲ್ಲಿ ಕುಂಚದ ಒಂದೊಂದು ಗೆರೆಯೂ ಕಾಣುತ್ತದೆ. ಅಷ್ಟು ಬರಹದ ನಡುವೆ ಬೆತ್ತಲೆ ಕಿವಿ ಕಂಡಾಗ ನನ್ನ ಕೈ ನನ್ನ ಕಿವಿಗೇ ಹೋಯಿತು.

ಸಂಗೀತ ಕೊಟ್ಟ ಟೋರು ತಾಕೆಮಿತ್ಸು ಮರ ಸೀಳುವ ಸದ್ದನ್ನೇ ಸಂಗೀತ ಮಾಡಿದ್ದಾನಲ್ಲ, ಅದು ಎರಡರಲ್ಲೂ ಎದೆ ನಡುಗಿಸುತ್ತೆ.

ಪುಸ್ತಕ ಓದಿದರೆ ಸಾಲದಾ ಅನ್ನುವವರಿಗೆ ಒಂದು ಮಾತು. ಈ ಕಥೆಗಳನ್ನು ಬರೆದ ಲಾಫ್ಕಾಡಿಯೊ ಹರ್ನ್‌ನ 1904ರ ಪುಸ್ತಕ 'ಕ್ವೈದಾನ್' ಪುಕ್ಕಟೆ ಸಿಗುತ್ತದೆ. ಆದರೆ ಸಿನಿಮಾದ ನಾಲ್ಕರಲ್ಲಿ ಎರಡೇ ಕಥೆ ಅದರಲ್ಲಿವೆ. ಉಳಿದೆರಡು ಅವನ ಬೇರೆ ಪುಸ್ತಕಗಳಲ್ಲಿವೆ.

ನಾನು ರಾತ್ರಿಗೊಂದೇ ಕಥೆ ನೋಡುವವನು, ಹಾಗಾಗಿ ಮೂರು ಗಂಟೆ ಜಾಸ್ತಿ ಅನಿಸಲಿಲ್ಲ. ಒಂದೇ ಸಲ ನೋಡಿ ಮುಗಿಸುವವರು, ಹೊಸ ಪ್ಲೇಯರಿಗೆ ದುಡ್ಡು ಹಾಕಲು ಮನಸ್ಸಿಲ್ಲದವರು 161ರಲ್ಲೇ ಇರಿ. ನನ್ನ ಆ ಡಿವಿಡಿಯನ್ನು ಅಕ್ಕನ ಮಗನಿಗೇ ಕೊಟ್ಟು ಕಳಿಸಿದ್ದೇನೆ. ಅಲ್ಲಿ ಓಡ್ತಾ ಅಂತ ಇನ್ನೂ ಫೋನ್ ಬಂದಿಲ್ಲ.